ಹಸುವನ್ನೇ ಯಾಕೆ ದೂರ್ತೀವಿ?

ಬೆದೆಗೆ ಬಂದ ಹಸುವಿಗೆ ಇಂಜೆಕ್ಷನ್ ಕೊಡಿಸಿದ್ದಾಯ್ತು, ಆದ್ರೂ ಗಬ್ಬ ನಿಲ್ಲಲಿಲ್ಲ. ಮತ್ತೆ ಸುಮಾರು 21 ದಿನ ಕಾಯಬೇಕು, ಅಷ್ಟು ದಿನದ ಮೇವಿನ ಖರ್ಚು ದಂಡ. ನಾವು ಹಸುವನ್ನೇ ದೂರ್ತೀವಿ. ಆದ್ರೆ ನಾನಿವತ್ತು ಹೇಳೋದು ಆ ಸ್ಟ್ರಾ ಒಳಗಿನ ಕತೆ.

ಹೋರಿಯ ವೀರ್ಯವನ್ನ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟಿರ್ತಾರೆ. ಹೆಪ್ಪುಗಟ್ಟಿಸಿ ಕರಗಿಸುವಾಗ ಸೂಪರಾಕ್ಸೈಡ್‌ನಂಥ ಆಮ್ಲಜನಕದ ಉಗ್ರ ರೂಪಗಳು ಹೆಚ್ಚುತ್ತವೆ. ಇದೇ ಆಕ್ಸಿಡೇಟಿವ್ ಸ್ಟ್ರೆಸ್. ಸೂಪರಾಕ್ಸೈಡ್ ಜತೆ ನೈಟ್ರಿಕ್ ಆಕ್ಸೈಡ್ ಸೇರಿದರೆ ಪೆರಾಕ್ಸಿನೈಟ್ರೈಟ್ ಹುಟ್ಟುತ್ತೆ, ಅದೂ ಹಾನಿ ಮಾಡುತ್ತೆ. ವೀರ್ಯಾಣುವಿನ ಪೊರೆಯಲ್ಲಿರೋ ಕೊಬ್ಬು, ಹಳೇ ಎಣ್ಣೆ ಕಮಟು ಹಿಡಿದ ಹಾಗೆ ಕೆಡುತ್ತೆ. ಬಾಲದ ಓಟ ಕುಗ್ಗುತ್ತೆ, ಡಿಎನ್‌ಎ ತುಂಡಾಗುತ್ತೆ. ರಿಪೇರಿ ಮಾಡಿಕೊಳ್ಳೋಕೆ ಆ ಪುಟ್ಟ ಜೀವಕೋಶದಲ್ಲಿ ಸಾಮಗ್ರಿಯೇ ಕಡಿಮೆ.

ಹಾಗಂತ ಇವು ಬರೀ ವಿಷ ಅಲ್ಲ. ವೀರ್ಯಾಣು ಅಂಡವನ್ನ ಸೇರೋಕೆ ಸಜ್ಜಾಗಬೇಕಾದ್ರೆ ಇವು ಚೂರು ಬೇಕೇ ಬೇಕು. ಅಡುಗೆಗೆ ಉಪ್ಪು ಇದ್ದ ಹಾಗೆ, ಹೆಚ್ಚಾದ್ರೆ ಕೆಟ್ಟಿತು.

ಅದಕ್ಕೇ ಸ್ಟ್ರಾ ಹೊರಗೆ ತೆಗೆದು ಮಾತಾಡ್ತಾ ನಿಲ್ಲಬಾರದು. 37 ಡಿಗ್ರಿ ನೀರಲ್ಲಿ ಅರ್ಧ ನಿಮಿಷ ಕರಗಿಸಿ, ತಡ ಮಾಡದೆ ಬಳಸಬೇಕು. ಮುಂದಿನ ಸಲ ಹಸುವನ್ನ ಬೈಯೋ ಮುಂಚೆ, ಬಂದವರನ್ನ ಒಂದು ಮಾತು ಕೇಳಿ: ನೀರು ಎಷ್ಟು ಬಿಸಿ ಇದೆ, ಸರ್?