ಕೈಕಸುಬಿನ ಗುರುಗಳು



ಆಳಂದ ತಾಲ್ಲೂಕಿನ ಮಟಕಿಯಂತಹ ಊರಿನಲ್ಲಿ ಕೂರಿಗೆ ಮಾಡತಕ್ಕ ಬಡಗಿಗೆ ಮಗನೇ ಶಿಷ್ಯನು. ಜೋಳ ತೊಗರಿಗಳ ಆ ಸೀಮೆಯಲ್ಲಿ ಕೂರಿಗೆಯ ತಾಳುಗಳ ಅಂತರ ತಪ್ಪಿತೆಂದರೆ ಬಿತ್ತನೆಯೇ ಕೆಟ್ಟಿತು. ಹುಡುಗನು ಅದನ್ನು ತಂದೆಯ ಮಗ್ಗುಲಲ್ಲಿ ಕುಳಿತು, ವರ್ಷಗಟ್ಟಲೆ ನೋಡಿ ಕಲಿಯುವನು. ಆದರೆ ಅದೇ ಬಡಗಿಯ ಮುಂದೆ ಬೇರೆ ಬೇರೆ ಮನೆಗಳ ಇಪ್ಪತ್ತು ಮಕ್ಕಳನ್ನು ಕೂರಿಸಿ, ಒಂದೇ ವರ್ಷದಲ್ಲಿ ಕಲಿಸಿಕೊಡಪ್ಪಾ ಎಂದರೆ ಆತನು ತಬ್ಬಿಬ್ಬಾಗುವನು. ಕಸುಬನ್ನು ಬಲ್ಲುದು ಬೇರೆ, ಕಲಿಸಬಲ್ಲುದು ಬೇರೆ.

ಈ ಭೇದವನ್ನು ಪಾಶ್ಚಾತ್ಯರೂ ಕಷ್ಟಕಾಲದಲ್ಲಿಯೇ ಅರಿತುಕೊಂಡರು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಹಡಗುಕಟ್ಟೆಗಳಿಗೆ ಹೊಸ ಕೆಲಸಗಾರರು ತುರ್ತಾಗಿ ಬೇಕಾದರು. ಆಗ ಚಾರ್ಲ್ಸ್ ಅಲೆನ್ ಎಂಬವರು ನುರಿತ ಕೆಲಸಗಾರರನ್ನೇ ಉಪಾಧ್ಯಾಯರನ್ನಾಗಿ ಮಾಡುವುದಕ್ಕೆ ನಾಲ್ಕು ಮೆಟ್ಟಿಲುಗಳ ಕ್ರಮವೊಂದನ್ನು ಹಾಕಿಕೊಟ್ಟರು: ಶಿಷ್ಯನ ಮನಸ್ಸನ್ನು ಅಣಿಗೊಳಿಸುವುದು, ತೋರಿಸುವುದು, ಮಾಡಿಸುವುದು, ಕಡೆಗೆ ಪರೀಕ್ಷಿಸುವುದು. 1919ರಲ್ಲಿ ಅದು ಗ್ರಂಥರೂಪವಾಗಿ ಹೊರಬಂದಿತು. ನಮ್ಮ ಬಡಗಿಯು ನಡುವಿನ ಎರಡು ಮೆಟ್ಟಿಲುಗಳನ್ನು ಯಾರೂ ಹೇಳದೆಯೇ ಬಲ್ಲನು. ಮೊದಲನೆಯದನ್ನೂ ಕೊನೆಯದನ್ನೂ ಕಲಿಸಿಕೊಡಬೇಕು.

ಪರದೇಶಗಳ ನೆರವಿನಿಂದ ಇಂತಹ ಗುರುಗಳನ್ನು ಸಿದ್ಧಪಡಿಸುವ ಯತ್ನ ನಮ್ಮ ನಾಡಿನಲ್ಲಿಯೂ ನಡೆದಿದೆ. 1963ರಲ್ಲಿ ಮೈಸೂರು, ಅಜ್ಮೀರ, ಭೋಪಾಲ, ಭುವನೇಶ್ವರಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಹುಟ್ಟಿದವು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದವರು ಸಲಹೆಗಾರರಾಗಿ ನಿಂತರು. ವಿವಿಧೋದ್ದೇಶ ಪ್ರೌಢಶಾಲೆಗಳಿಗೆ ಯಂತ್ರಶಿಲ್ಪ, ವಾಣಿಜ್ಯ ಮೊದಲಾದವನ್ನು ಬೋಧಿಸತಕ್ಕವರನ್ನು ತಯಾರಿಸುವುದು ಉದ್ದೇಶ. ಕಾಲೇಜು ಬೇರೂರಿತು, ಇಂದಿಗೂ ಉಂಟು. ಆ ಶಾಲೆಗಳೇ ಊರ್ಜಿತವಾಗಲಿಲ್ಲ. ಶಾಲೆಯಿಲ್ಲದ ಮೇಲೆ ಉಪಾಧ್ಯಾಯನೇಕೆ? ಕೆಲವು ವರ್ಷಗಳಲ್ಲಿ ಯಂತ್ರಶಿಲ್ಪದ ಆ ತರಗತಿಯೂ ನಿಂತುಹೋಯಿತು. ತಪ್ಪು ಓಹಿಯೋದವರದೆಂದು ನಮಗೆ ತೋರುವುದಿಲ್ಲ.

ಬೆಂಗಳೂರಿನ ಕಥೆ ಬೇರೆ. 1971ರಲ್ಲಿ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ಸಂಸ್ಥಾನದ ಸಹಕಾರದಿಂದ ಫೋರ್‌ಮನ್ನರ ತರಬೇತಿ ಸಂಸ್ಥೆಯೂ, ಮರುವರ್ಷ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಉಪಕರಣಾಗಾರವೂ ಪ್ರಾರಂಭವಾದವು. ಇವುಗಳ ಬಾಗಿಲಲ್ಲಿಯೇ ಕಾರ್ಖಾನೆಗಳಿದ್ದವು. ಕಲಿತವರಿಗೆ ಕೆಲಸ ಕಾದಿತ್ತು.

ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಸೆಳೆಯುವುದು ಸ್ವೀಡನ್ ದೇಶದ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನೆರವಿನ ಯೋಜನೆ. ಅದರಂತೆ 1977ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀಯರಿಗಾಗಿಯೇ ವೃತ್ತಿಶಿಕ್ಷಣದ ಸಂಸ್ಥೆಯೊಂದು ತೆರೆಯಿತು. ಅಲ್ಲಿ ಕಸುಬು ಕಲಿಯುವವರಲ್ಲದೆ, ಕಲಿಸುವ ಉಪಾಧ್ಯಾಯಿನಿಯರೂ ತಯಾರಾಗುತ್ತಾರೆ. ಕಲಿಸುವವಳು ಹೆಂಗಸೆಂದು ತಿಳಿದರೆ ಮಗಳನ್ನು ಕಳುಹಿಸುವ ಮನೆಗಳು ಹಳ್ಳಿಗಳಲ್ಲಿ ಇನ್ನೂ ಇವೆ. ಈ ಸಣ್ಣ ಸಂಗತಿಯನ್ನು ದೊಡ್ಡ ಯೋಜನೆಗಳು ಬಹುಕಾಲ ಮರೆತಿದ್ದವು.

ಕಲಬುರಗಿಯಲ್ಲಿಯೂ ಈಗ ಉಪಕರಣಾಗಾರದ ಶಾಖೆಯುಂಟು. ಆದರೆ ಮಟಕಿಯ ಬಡಗಿಗೆ ಮಗಳಿದ್ದು, ಆಕೆ ಉಪಾಧ್ಯಾಯಿನಿಯಾಗಬಯಸಿದರೆ, ಆರುನೂರು ಕಿಲೋಮೀಟರು ದಾಟಿ ಬೆಂಗಳೂರಿಗೆ ಹೋಗಬೇಕು. ಹೋಗಿ ಕಲಿತಾಳು. ಹಿಂದಿರುಗಿದಾಗ ಆಳಂದದಲ್ಲಿ ಆಕೆಗೊಂದು ಹುದ್ದೆ ಇರುವುದೋ? ಅದನ್ನು ಸ್ವೀಡನ್ನಿನವರನ್ನು ಕೇಳುವಂತಿಲ್ಲ.