ವೆಲ್ಕಿ ತಿಸಿ: ಮೀನಿಗಾಗಿ ಕಟ್ಟಿದ ಕೆರೆ, ಹಕ್ಕಿಗಳಿಗೆ ನೆಲೆ



ಚೆಕ್ ದೇಶದ ಬೊಹೀಮಿಯಾ ಪ್ರಾಂತ್ಯದ ದಕ್ಷಿಣಭಾಗದಲ್ಲಿ, ಲುಷ್ನಿತ್ಸೆ ನದಿಯ ಬಯಲಿನಲ್ಲಿ ಹಬ್ಬಿಕೊಂಡಿರುವ ತ್ರೆಬೋನ್ ಸೀಮೆಯು ಒಂದು ಕಾಲಕ್ಕೆ ನೇಗಿಲಿಗೆ ಒಗ್ಗದ ಜೌಗುನೆಲವಾಗಿದ್ದಿತು. ವ್ರತದಿನಗಳಲ್ಲಿ ಮಾಂಸವನ್ನು ವರ್ಜಿಸಿ ಮೀನನ್ನು ಸ್ವೀಕರಿಸುವ ಕ್ರೈಸ್ತ ಸಂಪ್ರದಾಯದಿಂದ ಕಾರ್ಪ್ ಮೀನಿಗೆ ಒಳ್ಳೆಯ ಬೆಲೆಯಿದ್ದ ಆ ದಿನಗಳಲ್ಲಿ, ಅಲ್ಲಿಯ ಒಡೆಯರಾದ ರೋಜ್ಮ್‌ಬೆರ್ಕ್ ಮನೆತನದವರು ಆ ನೆಲದಲ್ಲಿ ಕೆರೆಗಳನ್ನು ಕಟ್ಟಿಸಲು ತೊಡಗಿದರು. ಅವರ ಸೇವೆಯಲ್ಲಿದ್ದ ಶ್ಟೆಪಾನೆಕ್ ನೆಟೊಲಿಟ್ಸ್ಕಿ ಎಂಬ ಜಲಶಿಲ್ಪಿಯು 1506 ರಿಂದ 1520 ರ ವರೆಗೆ ಸುಮಾರು 48 ಕಿಲೋಮೀಟರು ಉದ್ದದ ‘ಸುವರ್ಣ ಕಾಲುವೆ’ಯನ್ನು ತೋಡಿಸಿ, ಲುಷ್ನಿತ್ಸೆಯ ನೀರನ್ನು ಕೆರೆಯಿಂದ ಕೆರೆಗೆ ಹಾಯಿಸಿ, ಕಡೆಗೆ ಅದನ್ನು ಮತ್ತೆ ಆ ನದಿಗೇ ಸೇರುವಂತೆ ಮಾಡಿದನು. ಇಂದು ನಾನು ನಿಮ್ಮ ಮುಂದಿಡಬಯಸುವ ವೆಲ್ಕಿ ತಿಸಿ ಆ ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಅವನ ಕೈಯಿಂದಲೇ ರೂಪುಗೊಂಡ ಕೆರೆ.

ಈ ಕೆರೆಯ ದಡವು ಅಂಕುಡೊಂಕು. ನಡುವೆ ದ್ವೀಪಗಳು, ಅಂಚಿನಲ್ಲಿ ವಿಸ್ತಾರವಾದ ಆಪುಹುಲ್ಲಿನ ಮೆಳೆ. ಈ ಮೆಳೆಗಳಲ್ಲಿ ಬೂದು ಹೆಬ್ಬಾತುಗಳೂ ಅನೇಕ ಜಾತಿಯ ನೀರುಹಕ್ಕಿಗಳೂ ಮರಿಮಾಡಿಕೊಂಡು ಬಂದುದರಿಂದಲೇ 1957 ರಲ್ಲಿ ಇದನ್ನು ಪ್ರಕೃತಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಇಡೀ ತ್ರೆಬೋನ್ ಸೀಮೆಯೂ 1977 ರಲ್ಲಿ ಯುನೆಸ್ಕೋ ಸಂಸ್ಥೆಯ ಜೀವಗೋಲ ರಕ್ಷಿತ ಪ್ರದೇಶಗಳ ಸಾಲಿಗೆ ಸೇರಿತು.

ಮನುಷ್ಯನ ಕೈಸೋಂಕದಿರುವುದೇ ಪ್ರಕೃತಿಯ ರಕ್ಷಣೆಯೆಂದು ತಿಳಿದವರಿಗೆ ಇಲ್ಲಿಯ ವೃತ್ತಾಂತವು ಆಶ್ಚರ್ಯವನ್ನುಂಟುಮಾಡೀತು. ಏರಿಯನ್ನು ಬಲಪಡಿಸದೆ, ತೂಬನ್ನು ನೋಡಿಕೊಳ್ಳದೆ, ಹೂಳನ್ನು ತೆಗೆಯದೆ ಬಿಟ್ಟರೆ ಇಂತಹ ಆಳವಿಲ್ಲದ ಕೆರೆಯು ಆಪಿನಿಂದ ತುಂಬಿ, ಬರಬರುತ್ತ ಜೌಗಾಗಿ, ಕಡೆಗೆ ಕಾಡಾಗುವುದು. ಈ ಸೀಮೆಯಲ್ಲಿ ಶರತ್ಕಾಲ ಬಂದಿತೆಂದರೆ ಕೆರೆಗಳ ತೂಬನ್ನೆತ್ತಿ ನೀರನ್ನು ಮೆಲ್ಲಮೆಲ್ಲನೆ ಇಳಿಸಿ, ತೂಬಿನ ಬಳಿಯ ಆಳವಾದ ಮಡುವಿನಲ್ಲಿ ಒಟ್ಟುಗೂಡುವ ಮೀನುಗಳನ್ನು ಬಲೆಯಿಂದ ಹಿಡಿಯುವ ಪದ್ಧತಿಯು ಇಂದಿಗೂ ಉಂಟು. ನೀರಿಳಿದಾಗ ತೋರುವ ಕೆಸರುನೆಲದ ಮೇಲೆ ಬೆರಳುದ್ದವೂ ಬೆಳೆಯದ ಒಂದು ಅಪೂರ್ವ ಹುಲ್ಲು ಹುಟ್ಟುತ್ತದೆ. ಸಸ್ಯಶಾಸ್ತ್ರಜ್ಞರು ಅದನ್ನು ಕೋಲಿಯಾಂಥಸ್ ಎನ್ನುವರು. ಮೀನುಗಾರನು ಕೆರೆಯನ್ನು ಬರಿದುಮಾಡುವುದನ್ನು ಬಿಟ್ಟರೆ ಆ ಹುಲ್ಲಿಗೆ ಮೊಳೆಯಲು ತಾಣವೇ ಉಳಿಯದು!

ಹಾಗೆಂದು ಮೀನುಗಾರಿಕೆಯೆಲ್ಲವೂ ಹಿತಕರವೆಂದು ಹೇಳಲಾಗದು. ತ್ರೆಬೋನಿನ ಕೆರೆಗಳ ಮೇಲ್ವಿಚಾರಕನಾಗಿದ್ದ ಯೋಸೆಫ್ ಶುಸ್ತಾ ಎಂಬ ವಿದ್ವಾಂಸನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾರ್ಪಿನ ಆಹಾರಕ್ರಮವನ್ನು ಪರೀಕ್ಷಿಸಿ, ಮೀನು ಸಾಕುವುದಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಹಾಕಿದನು. ಆದರೆ ಇಳುವರಿಯನ್ನು ಹೆಚ್ಚಿಸುವ ಆಸೆಯಿಂದ ಇಪ್ಪತ್ತನೆಯ ಶತಮಾನದಲ್ಲಿ ಗೊಬ್ಬರವನ್ನು ಧಾರಾಳವಾಗಿ ಸುರಿದು, ಮೀನನ್ನು ಅತಿಯಾಗಿ ತುಂಬಿದಾಗ ಅನರ್ಥವು ಆರಂಭವಾಯಿತು. ಕಾರ್ಪು ಆಹಾರಕ್ಕಾಗಿ ತಳದ ಕೆಸರನ್ನು ಕೆದಕಿ ನೀರನ್ನು ಬಗ್ಗಡಮಾಡುತ್ತದೆ. ಪಾಚಿಯನ್ನು ಮೇಯುವ ಸೂಕ್ಷ್ಮಜೀವಿಗಳನ್ನು ಅದು ತಿಂದುಹಾಕುವುದರಿಂದ ಪಾಚಿಯು ಮಿತಿಮೀರಿ ಬೆಳೆದು ನೀರು ಹಸುರಾಗುತ್ತದೆ. ಬೆಳಕು ತಳವನ್ನು ಮುಟ್ಟದೆ ನೀರೊಳಗಣ ಸಸ್ಯಗಳು ನಾಶವಾಗಿ, ಅವುಗಳನ್ನೂ ಅವುಗಳಲ್ಲಿ ನೆಲಸಿದ ಹುಳುಗಳನ್ನೂ ನಂಬಿದ ಬಾತುಗಳು ಉಪವಾಸಕ್ಕೊಳಗಾಗುತ್ತವೆ. ಹಕ್ಕಿಗೆ ಗುಂಡೇಟಿನಿಂದ ರಕ್ಷಣೆ ದೊರೆತರೂ ಹಸಿವಿನಿಂದ ದೊರೆಯದಿದ್ದಲ್ಲಿ ಆ ರಕ್ಷಣೆಯು ಅಪೂರ್ಣವೆಂಬುದೇ ನನ್ನ ಅಭಿಪ್ರಾಯ.

ಆದುದರಿಂದ ಅಂತಹ ಕೆರೆಗಳಲ್ಲಿ ಎಷ್ಟು ಮೀನು ಬಿಡಬೇಕು, ಯಾವಾಗ ನೀರಿಳಿಸಬೇಕು ಎಂಬ ಪ್ರಶ್ನೆಗಳನ್ನು ಮೀನುಗಾರರೂ ಪಕ್ಷಿಶಾಸ್ತ್ರಜ್ಞರೂ ಒಟ್ಟಿಗೆ ಕುಳಿತು ತೀರ್ಮಾನಿಸಬೇಕು. ನಿಮ್ಮ ಊರುಗಳಲ್ಲಿ ಯಾರಾದರೂ ಕೆರೆಯ ಸಂರಕ್ಷಣೆಗೆಂದು ಸಭೆ ಕೂಡಿಸಿದರೆ, ದಯವಿಟ್ಟು ಮೀನು ಹಿಡಿಯುವವರನ್ನೂ ತೂಬು ನೋಡಿಕೊಳ್ಳುವವರನ್ನೂ ಮೊದಲ ಸಾಲಿನಲ್ಲಿ ಕೂರಿಸಿ, ಅವರ ಮಾತನ್ನು ಕೇಳಿರಿ.