ಅಂತ್ಯಕಾಲದ ಇಚ್ಛೆಯೂ ಅದರ ಪತ್ರವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಠದ ಶಿಷ್ಯರಾದ ಹಿರಿಯ ವಕೀಲರೊಬ್ಬರು ಮಾಡಿದ ಉಪನ್ಯಾಸ)

ಇಂತಹ ಮಂಗಳಕಾಲದಲ್ಲಿ ಮರಣದ ವಿಷಯವನ್ನೆತ್ತುವುದು ಉಚಿತವೇ ಎಂದು ಸಂಕೋಚಪಟ್ಟು ಸನ್ನಿಧಿಯವರಲ್ಲಿ ವಿಜ್ಞಾಪಿಸಿಕೊಂಡಾಗ, "ನಮ್ಮಲ್ಲಿ ಅದು ಅಮಂಗಳವೆಂದು ಹೇಳಿದವರಾರು?" ಎಂದು ಅಪ್ಪಣೆಯಾಯಿತು. ಆ ಅಪ್ಪಣೆಯ ಬಲದಿಂದಲೇ ಇಲ್ಲಿ ನಿಂತಿರುವೆನು.

ನಾನು ನಾಲ್ವತ್ತು ವರ್ಷಗಳಿಗೂ ಮಿಕ್ಕಿ ವಕೀಲಿ ವೃತ್ತಿಯಲ್ಲಿದ್ದು ಅನೇಕ ಮೃತ್ಯುಪತ್ರಗಳನ್ನು ಬರೆದುಕೊಟ್ಟಿರುವೆನು. ಹೊಲ, ಮನೆ, ಬಂಗಾರ ಯಾರಿಗೆ ಸಲ್ಲತಕ್ಕದ್ದು, ಬಾವಿಯ ನೀರಿನ ಸರದಿ ಯಾರದು, ಇವೆಲ್ಲವನ್ನೂ ಕಕ್ಷಿದಾರರು ಕೂಲಂಕಷವಾಗಿ ಹೇಳಿ ಬರೆಯಿಸಿದರು. ಆದರೆ ಕಡೆಯ ದಿನಗಳಲ್ಲಿ ತಮ್ಮ ದೇಹವನ್ನು ಹೇಗೆ ನಡೆಯಿಸಿಕೊಳ್ಳಬೇಕೆಂಬುದನ್ನು ಒಬ್ಬರೂ ಬರೆಯಿಸಲಿಲ್ಲ. ನಾನೂ ಕೇಳಲಿಲ್ಲ. ಕೇಳದೆ ಹೋದುದರ ಫಲವನ್ನು ನನ್ನ ಮನೆಯಲ್ಲಿಯೇ ಉಂಡೆನು.

ನನ್ನ ಹಿರಿಯಣ್ಣನವರಿಗೆ 2019ರಲ್ಲಿ ಶ್ವಾಸಕೋಶದ ಕ್ಯಾನ್ಸರು ಯಕೃತ್ತಿಗೂ ಹಬ್ಬಿತು. ವೈದ್ಯರು ಇನ್ನು ಗುಣವಿಲ್ಲವೆಂದು ಸ್ಪಷ್ಟವಾಗಿಯೇ ಹೇಳಿದರು. ಒಂದು ಸಂಜೆ ಅಣ್ಣನವರು ಜಗಲಿಯ ಮೇಲೆ ಕುಳಿತು, "ತಮ್ಮಾ, ಉಸಿರು ನಿಂತ ಮೇಲೆ ಅದನ್ನು ಎಳೆದು ತರಬೇಡಿರಿ. ಲಿಂಗ ನನ್ನ ಕೈಯಲ್ಲಿರಲಿ, ಅಷ್ಟೇ ಸಾಕು" ಎಂದರು. ನಾನು ಹೂಂಗುಟ್ಟಿದೆನು. ತಿಂಗಳೊಪ್ಪತ್ತಿನಲ್ಲಿ ಉಸಿರಾಟ ಬಿಗಿಯಲು, ಮಕ್ಕಳು ಗಾಬರಿಗೊಂಡು ಪಟ್ಟಣದ ಒಂದು ಆಸ್ಪತ್ರೆಗೆ ಒಯ್ದರು. ವೈದ್ಯರು ಹೊರಕ್ಕೆ ಬಂದು, "ಹೃದಯ ನಿಲ್ಲುವ ಸಂಭವವಿದೆ; ನಿಂತರೆ ಮರಳಿ ನಡೆಯಿಸಲು ಯತ್ನಿಸಬೇಕೇ, ಬೇಡವೇ?" ಎಂದು ಕೇಳಿದರು. ಹಿರಿಯ ಮಗನು ಬೇಕೆಂದನು, ಕಿರಿಯನು ಬೇಡವೆಂದನು, ಮಗಳು ಅಳುತ್ತಿದ್ದಳು. ಎಲ್ಲರೂ ನನ್ನ ಮುಖವನ್ನು ನೋಡಿದರು. ಅಣ್ಣನವರ ಮಾತು ನನಗೆ ನೆನಪಿತ್ತು. ಆದರೂ ನಾನು, "ಮಾಡತಕ್ಕದ್ದನ್ನೆಲ್ಲ ಮಾಡಿರಿ" ಎಂದುಬಿಟ್ಟೆನು. ಏಕೆಂದರೆ ಆಸ್ತಿಯ ಪಾಲಿಗಾಗಿ ಮುದುಕನನ್ನು ಬೇಗ ಕಳುಹಿಸಿದರೆಂದು ಜನರು ಆಡಿಕೊಂಡಾರೆಂದು ಅಂಜಿದೆನು. ಆ ಆಸ್ಪತ್ರೆಯವರ ತಪ್ಪೇನೂ ಇಲ್ಲ, ಹೇಳಿದವನು ನಾನು.

ಹೃದಯವು ಎರಡು ಸಲ ನಿಂತು ಎರಡು ಸಲವೂ ನಡೆಯಿತು. ಪಕ್ಕೆಲುಬುಗಳು ಮುರಿದಿದ್ದವು. ಕೃತಕ ಶ್ವಾಸಯಂತ್ರದ ಮೇಲೆ ಹನ್ನೊಂದು ದಿನ ಕಣ್ತೆರೆಯದೆ ಇದ್ದು ಲಿಂಗೈಕ್ಯರಾದರು. ಅಷ್ಟು ದಿನವೂ ಅವರ ಇಷ್ಟಲಿಂಗವು ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತ ಅತ್ತಿಗೆಯವರ ಸೆರಗಿನಲ್ಲಿತ್ತು. ಅಣ್ಣತಮ್ಮಂದಿರು ಇಂದಿಗೂ ಒಂದು ಪಂಕ್ತಿಯಲ್ಲಿ ಕೂಡುವುದಿಲ್ಲ.

ಈ ಚಿಕಿತ್ಸೆಯನ್ನು ನಾನು ಹಳಿಯುತ್ತಿರುವೆನೆಂದು ಯಾರೂ ಭಾವಿಸಬಾರದು. ನಿಂತ ಹೃದಯವನ್ನು ಎದೆಯನ್ನೊತ್ತಿ ನಡೆಯಿಸುವ ಈಗಿನ ಕ್ರಮವನ್ನು ಅಮೆರಿಕದ ಬಾಲ್ಟಿಮೋರ್ ಪಟ್ಟಣದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವನ್ ಮತ್ತು ಅವರ ಸಂಗಡಿಗರು 1960ರಲ್ಲಿ ಪ್ರಕಟಿಸಿದರು. ಎದೆಯ ಮೂಳೆ 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಷ್ಟು ಕುಸಿಯುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಒಮ್ಮಿಂದೊಮ್ಮೆಗೆ ಹೃದಯ ನಿಂತ ದೃಢಕಾಯರನ್ನೂ ನೀರಿನಲ್ಲಿ ಮುಳುಗಿದವರನ್ನೂ ಇದು ಬದುಕಿಸಿದೆ. ನನ್ನ ಮೊಮ್ಮಗನಿಗೆ ಇದನ್ನು ಕಲಿಯೆಂದು ನಾನೇ ಹೇಳಿರುವೆನು. ಆದರೆ ಗುಣವಾಗದ ರೋಗದಿಂದ ಸರ್ವಾಂಗವೂ ಸೋತು ದೀಪವು ಎಣ್ಣೆ ತೀರಿ ನಂದುತ್ತಿರುವಾಗ, ಬತ್ತಿಯನ್ನು ಎಷ್ಟು ಸಲ ಹೊತ್ತಿಸಿದರೇನು?

ಈ ವಿಷಯದಲ್ಲಿ ನ್ಯಾಯಾಲಯವು ಬಾಯಿ ತೆರೆದುದಕ್ಕೆ ನಮ್ಮ ಕನ್ನಡನಾಡಿನ ಒಬ್ಬ ಹೆಣ್ಣುಮಗಳ ದುಃಖವೇ ಕಾರಣವಾಯಿತು. ಹೊನ್ನಾವರ ತಾಲ್ಲೂಕಿನ ಹಳದೀಪುರದವರಾದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದು, 1973ರ ನವೆಂಬರ್ 27ರಂದು ದುಷ್ಟನೊಬ್ಬನ ಘೋರ ಆಕ್ರಮಣಕ್ಕೊಳಗಾಗಿ ಮೆದುಳು ಕೆಟ್ಟು, ನಾಲ್ವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಮಲಗಿದ್ದರು. ಅವರನ್ನು ಬಿಡುಗಡೆಗೊಳಿಸಿರೆಂದು ಲೇಖಕಿ ಪಿಂಕಿ ವಿರಾನಿಯವರು ಮೊರೆಯಿಟ್ಟರು. ನಾವು ಸಾಕುವೆವೆಂದು ಆಸ್ಪತ್ರೆಯ ದಾದಿಯರು ಹಟ ಹಿಡಿದರು. ಇಬ್ಬರದೂ ಪ್ರೀತಿಯೇ. ಸುಪ್ರೀಂ ಕೋರ್ಟು 2011ರ ಮಾರ್ಚ್ 7ರಂದು ಆ ಮೊರೆಯನ್ನು ಒಪ್ಪದಿದ್ದರೂ, ತಕ್ಕ ಸಂದರ್ಭದಲ್ಲಿ ಹೈಕೋರ್ಟಿನ ಅನುಮತಿಯಿಂದ ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸಬಹುದೆಂದು ಹೇಳಿತು. ಅವರು 2015ರ ಮೇ 18ರಂದು ತೀರಿಕೊಂಡರು. ಅವರ ಇಚ್ಛೆ ಏನಿದ್ದಿತೆಂಬುದನ್ನು ಬಲ್ಲವರು ಯಾರೂ ಇರಲಿಲ್ಲ.

ಬಳಿಕ 2018ರ ಮಾರ್ಚ್ 9ರಂದು, ಕಾಮನ್ ಕಾಸ್ ಎಂಬ ಸಂಸ್ಥೆಯ ಅರ್ಜಿಯ ಮೇಲೆ ಐವರು ನ್ಯಾಯಾಧೀಶರ ಪೀಠವು ಘನತೆಯಿಂದ ಮರಣಿಸುವುದೂ ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಒಂದು ಭಾಗವೆಂದು ಸಾರಿ, ಮುಂಗಡ ವೈದ್ಯಕೀಯ ನಿರ್ದೇಶನಪತ್ರಕ್ಕೆ, ಎಂದರೆ ಜನರು ಲಿವಿಂಗ್ ವಿಲ್ ಎನ್ನುವುದಕ್ಕೆ, ಮಾನ್ಯತೆ ಕೊಟ್ಟಿತು. ಆದರೆ ಮ್ಯಾಜಿಸ್ಟ್ರೇಟರ ಮೇಲುರುಜು ಬೇಕೆಂಬ ನಿಯಮವು ಕೊರಳಿಗೆ ಕಟ್ಟಿದ ಕಲ್ಲಾಯಿತು. 2023ರ ಜನವರಿ 24ರಂದು ಅದನ್ನು ಸಡಿಲಿಸಿದರು. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದೆ.

ಪತ್ರದ ಕ್ರಮವು ಹೀಗೆ. ವಯಸ್ಕರಾಗಿ ಬುದ್ಧಿಸ್ವಾಸ್ಥ್ಯವುಳ್ಳವರು ಯಾರ ಬಲವಂತವೂ ಇಲ್ಲದೆ ಬರೆಯಬೇಕು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂಬುದು ಸಂದಿಗ್ಧವಿಲ್ಲದೆ ಇರಬೇಕು. "ತೊಂದರೆ ಕೊಡಬೇಡಿ" ಎಂದಷ್ಟೇ ಬರೆದರೆ ಏನೂ ಬರೆದಂತಾಗದು. ಇಬ್ಬರು ಸಾಕ್ಷಿಗಳ ಮುಂದೆ ರುಜು ಹಾಕಿ, ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿಗಳಿಂದ ದೃಢೀಕರಿಸಿಕೊಳ್ಳಬೇಕು. ತಮಗೆ ಪ್ರಜ್ಞೆ ತಪ್ಪಿದಾಗ ತಮ್ಮ ಪರವಾಗಿ ಒಪ್ಪಿಗೆ ಕೊಡತಕ್ಕವರನ್ನು ಹೆಸರಿಸಬೇಕು. ಇಬ್ಬರನ್ನಾದರೂ ಹೆಸರಿಸುವುದು ಲೇಸು. ನಕಲುಗಳನ್ನು ಅವರಿಗೂ ಮನೆಯ ವೈದ್ಯರಿಗೂ ಪಂಚಾಯಿತಿ ಅಥವಾ ನಗರಸಭೆಯ ಅಧಿಕಾರಿಗಳಿಗೂ ಕೊಡಬೇಕು. ಮನಸ್ಸು ಬದಲಾದರೆ ಬರವಣಿಗೆಯ ಮೂಲಕ ಎಂದಾದರೂ ರದ್ದುಪಡಿಸಬಹುದು. ಪ್ರಜ್ಞೆಯಿರುವ ತನಕ ಈ ಪತ್ರಕ್ಕೆ ಕೆಲಸವೇ ಇಲ್ಲ. ರೋಗಿಯ ಬಾಯಿಮಾತೇ ಪ್ರಮಾಣ.

ಪತ್ರವನ್ನು ತೋರಿಸಿದ ಕೂಡಲೆ ಯಂತ್ರವನ್ನು ಕಳಚುವುದಿಲ್ಲ. ಚಿಕಿತ್ಸೆ ಮಾಡುವ ವೈದ್ಯರೂ ಐದು ವರ್ಷಗಳಾದರೂ ಅನುಭವವುಳ್ಳ ಇಬ್ಬರು ತಜ್ಞರೂ ಸೇರಿದ ಮಂಡಲಿಯು ಮೊದಲು ನೋಡತಕ್ಕದ್ದು. ಅವರು ಒಪ್ಪಿದರೆ, ಜಿಲ್ಲೆಯ ವೈದ್ಯಾಧಿಕಾರಿಗಳು ಹೆಸರಿಸಿದ ವೈದ್ಯರೊಬ್ಬರೂ ಬೇರೆ ಇಬ್ಬರು ತಜ್ಞರೂ ಸೇರಿದ ಎರಡನೆಯ ಮಂಡಲಿ ನೋಡತಕ್ಕದ್ದು. ಒಂದೊಂದಕ್ಕೂ ಸಾಧ್ಯವಾದಷ್ಟು 48 ಗಂಟೆಗಳೊಳಗೆ ತೀರ್ಮಾನವಾಗಬೇಕು. ಜಾರಿಗೆ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಲಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಪತ್ರವಿಲ್ಲದವರಿಗೂ ಹೆಚ್ಚುಕಡಿಮೆ ಇದೇ ದಾರಿಯುಂಟು. ಆದರೆ ಅಲ್ಲಿ ಬಂಧುಗಳ ಒಪ್ಪಿಗೆ ಬೇಕಾಗುವುದು. ನಮ್ಮ ಮನೆಯಲ್ಲಿ ಆ ಒಪ್ಪಿಗೆ ಎಂತಹುದಾಗಿತ್ತೆಂಬುದನ್ನು ಕೇಳಿದಿರಿ.

ಹೃದಯ ನಿಂತಾಗ ಮರಳಿ ನಡೆಯಿಸಬಾರದೆಂಬ ಒಂದೇ ವಿಷಯಕ್ಕೆ ಬೇರೆ ಮಾರ್ಗದರ್ಶನವೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅದನ್ನು 2020ರಲ್ಲಿ ಪ್ರಕಟಿಸಿತು. ಅದರಲ್ಲಿ ನನಗೆ ಬಹು ಮುಖ್ಯವಾಗಿ ಕಂಡುದೇನೆಂದರೆ, ಎದೆಯನ್ನೊತ್ತಬಾರದೆಂದರೆ ಉಳಿದ ಚಿಕಿತ್ಸೆಯನ್ನೂ ನಿಲ್ಲಿಸಬೇಕೆಂದು ಅರ್ಥವಲ್ಲ. ನೋವಿಗೆ ಔಷಧ, ಒಣಗಿದ ತುಟಿಗೆ ನೀರು, ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಇವೆಲ್ಲ ನಡೆಯುತ್ತಲೇ ಇರತಕ್ಕದ್ದು. ನಮ್ಮ ಹಳ್ಳಿಗಳಲ್ಲಿ "ಬೇಡ" ಎಂದು ರುಜು ಹಾಕಿದರೆ ರೋಗಿಯನ್ನು ಮೂಲೆಗೆ ತಳ್ಳುವರೆಂಬ ಭಯವಿದೆ. ಹಾಗೆ ತಳ್ಳುವ ಅಧಿಕಾರ ಯಾರಿಗೂ ಇಲ್ಲ.

ಇದು ಆತ್ಮಹತ್ಯೆಯಲ್ಲವೇ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಅಲ್ಲ. ಸೂಜಿಮದ್ದು ಕೊಟ್ಟು ಕೊಲ್ಲುವುದು ಇಂದಿಗೂ ಅಪರಾಧವೇ. ಇಲ್ಲಿ ಕೊಲ್ಲುವುದು ರೋಗ. ನಾವು ಅಡ್ಡಗಟ್ಟುವುದನ್ನು ಬಿಡುವೆವು, ಅಷ್ಟೆ. ಅಂತ್ಯಕಾಲ ಸಮೀಪಿಸಿತೆಂದು ಅರಿತು, ಮಿಂದು ಭಸ್ಮ ಧರಿಸಿ, ಜಂಗಮರಿಗೆ ವಿಭೂತಿವೀಳ್ಯವನ್ನಿತ್ತು ಸಿದ್ಧರಾಗುತ್ತಿದ್ದವರ ಮನೆತನದವರು ನಾವು. ಈ ಭೇದವು ನಮಗೆ ಹೊಸದಲ್ಲ.

ಪತ್ರವನ್ನು ಬರೆದು ಬೀರುವಿನಲ್ಲಿ ಬೀಗ ಹಾಕಿಟ್ಟರೆ ಪ್ರಯೋಜನವಿಲ್ಲ. ರಾತ್ರಿ ಎರಡು ಗಂಟೆಗೆ 108ಕ್ಕೆ ಕರೆ ಹೋದರೆ ಬರುವವರಿಗೆ ನಿಮ್ಮ ಪತ್ರದ ಅರಿವಿರದು. ಜೀವವುಳಿಸಲು ಹೋರಾಡುವುದು ಅವರ ಧರ್ಮ. ಆದುದರಿಂದ ಮಕ್ಕಳನ್ನೂ ಸೊಸೆಯಂದಿರನ್ನೂ ಒಟ್ಟಿಗೆ ಕುಳ್ಳಿರಿಸಿಕೊಂಡು ಓದಿ ಹೇಳಿರಿ. ದೂರದ ಊರಿನಲ್ಲಿರುವ ಮಗನಿಗೆ ಮುಖ್ಯವಾಗಿ ಹೇಳಿರಿ. ಕಡೆಯ ದಿನ ಓಡಿ ಬಂದು "ಎಲ್ಲವನ್ನೂ ಮಾಡಿ" ಎನ್ನುವವನು ಸಾಮಾನ್ಯವಾಗಿ ಅವನೇ.

ನನ್ನ ಪತ್ರವನ್ನು ಹೋದ ಕಾರ್ತಿಕದಲ್ಲಿ ಬರೆದೆನು. ಒಪ್ಪಿಗೆ ಕೊಡತಕ್ಕವರೆಂದು ಮಗಳನ್ನೂ ಅಣ್ಣನವರ ಕಿರಿಯ ಮಗನನ್ನೂ ಹೆಸರಿಸಿರುವೆನು. ಕೇಳಲು ಹೋದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ಕಾಕಾ, ಈ ಸಲ ನಾನು ಹೇಳಿದಂತೆಯೇ ಆಗಬೇಕು" ಎಂದನು. "ನಾನು ಬರೆದಂತೆ ಆಗಬೇಕಪ್ಪಾ" ಎಂದು ಓದಿ ಹೇಳಿದೆನು. ಕೇಳಿ ರುಜು ಹಾಕಿದನು. ಮಾದರಿಯ ಕೆಲವು ಪ್ರತಿಗಳನ್ನು ತಂದಿರುವೆನು. ಪ್ರಸಾದವಾದ ಬಳಿಕ ಉಗ್ರಾಣದ ಮುಂದಣ ಕಟ್ಟೆಯ ಮೇಲೆ ಕುಳಿತಿರುವೆನು, ಬೇಕಾದವರು ಬರಬಹುದು.